ನಂಬರ್ ನಮ್ಮದು, ರೇಟು ಯಾರದು?

1/6
ಸಂತ್ಯಾಗ ಬದನೆಕಾಯಿಗೆ ಐದು ರೂಪಾಯಿ ಕಡಿಮೆ ಮಾಡಿಸಾಕ ಹತ್ತು ನಿಮಿಷ ನಿಲ್ಲೋ ಮಂದಿ ನಾವು. ಇಳಕಲ್ಲ ಸೀರಿ ಅಂಗಡ್ಯಾಗಂತೂ ಕೇಳಬ್ಯಾಡ್ರಿ, ಒಂದು ಸೀರೆಗೆ ಮೂರು ಸಲ ಎದ್ದು ಹೊರಡ್ತೀವಿ, ಮೂರು ಸಲ ಮತ್ತೆ ಕೂಡ್ತೀವಿ. ಆದರೆ ಅದೇ ನಾವು ರೀಚಾರ್ಜ್ ಅಂಗಡಿ ಮುಂದೆ ನಿಂತರೆ ಬಾಯಿಗೆ ಬೀಗ. ಅವರು 299 ಅಂದರೆ 299, 349 ಅಂದರೆ 349. ಕೊಸರೂ ಇಲ್ಲ, ಮಾತೂ ಇಲ್ಲ. ಫೋನ್ ಮುಂದೆ ಹಿಡಿದು ಸ್ಕ್ಯಾನ್ ಮಾಡಿ ಬಂದುಬಿಡ್ತೀವಿ.

ಯಾಕೆ ಅಂತ ಒಮ್ಮೆಯಾದರೂ ಯೋಚನೆ ಮಾಡಿದ್ದೀರಾ? ಆ್ಯಪ್‌ನಲ್ಲಿ ಪ್ರಿಂಟ್ ಆಗಿರುವ ದರ ಎಲ್ಲರಿಗೂ ಒಂದೇ, ಅದು ಬದಲಾಗೋದಿಲ್ಲ ಅಂತ ನಂಬಿದ್ದೇವೆ. ಆದರೆ ಬೋರ್ಡಿನ ಮೇಲೆ ಇಲ್ಲದ ಇನ್ನೊಂದು ದರವೂ ಇರುತ್ತದೆ.

ನಮ್ಮ ಮನೆಯಲ್ಲಿ ನಾಲ್ಕು ಫೋನ್: ಅಪ್ಪಂದು, ಅವ್ವಂದು, ನನ್ನದು, ಆಯಿದು. ವರ್ಷಕ್ಕೆ ತಿಂಗಳು 12 ಇರಬಹುದು, 28 ದಿನದ ಪ್ಲಾನ್ ಹಾಕಿಸುವವರಿಗೆ ರೀಚಾರ್ಜ್ ಮಾತ್ರ 13 ಸಲ. ನಾಲ್ಕು ಫೋನಿಗೆ 52 ಸಲ. ಮಗ್ಗದ ಮನೆಗೆ ಇದು ಸಣ್ಣ ಲೆಕ್ಕ ಅಲ್ಲ. ಹಾಗಾಗಿ ಈ ಸಲದ ಸರಣಿ ಚೌಕಾಸಿಯ ಬಗ್ಗೆ. ಎರಡು ಫೋನಿಗೆ ನಾನು ಮಾಡಿ ನೋಡಿದೆ. ಒಂದರಲ್ಲಿ ಗೆದ್ದೆ, ಇನ್ನೊಂದರಲ್ಲಿ ಏನಾಯಿತು ಅನ್ನೋದೇ ನಿಮಗೆ ಹೇಳಬೇಕಾಗಿರುವ ಮಾತು. ಸೇವ್ ಮಾಡಿ ಇಟ್ಕೊಳ್ಳಿ.

2/6
ಫೋಟೋದಲ್ಲಿರೋದು ಆಯಿಯ ಬಟನ್ ಫೋನ್. ಆಯಿ ಅಂದರೆ ಅಪ್ಪನ ಅವ್ವ. ಕಂಡಿಕೆ ಸುತ್ತುತ್ತಾ ಕೂತಿರ್ತಾಳ, ಫೋನ್ ಪಕ್ಕದಲ್ಲೇ. ಆಕೆ ಯಾರಿಗೂ ಫೋನ್ ಹಚ್ಚೋದು ಕಡಿಮೆ. ಬರೋ ಫೋನ್ ಎತ್ತಿದರೆ ಆಯ್ತು.

ಬರೀ ಎತ್ತಿ ಮಾತಾಡಾಕ ದುಡ್ಡು ಯಾಕೆ? ಇದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಭಾರತದಲ್ಲಿ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು. ಆಗ ನಿಮಿಷಕ್ಕೆ 16 ರೂಪಾಯಿವರೆಗೂ ಇತ್ತು, ಬಂದ ಕರೆಗೂ ದುಡ್ಡು ಕೊಡಬೇಕಿತ್ತು. 2003ರಲ್ಲಿ ಇನ್‌ಕಮಿಂಗ್ ಫ್ರೀ ಆಯಿತು. ಮಿಸ್ಡ್ ಕಾಲ್ ಅನ್ನೋ ಭಾಷೆ ಹಳ್ಳಿ ಹಳ್ಳಿಗೂ ಹಬ್ಬಿದ್ದು ಆಮೇಲೆ: ಒಂದು ರಿಂಗ್ ಆದರೆ ಬಸ್ಸು ಹತ್ತಿದೆ, ಎರಡು ರಿಂಗ್ ಆದರೆ ಮುಟ್ಟಿದೆ. ನಂತರ ಲೈಫ್‌ಟೈಮ್ ಪ್ಲಾನ್ ಬಂದವು. ಕರೆನ್ಸಿ ಹಾಕದೇ ಇದ್ದರೂ ಫೋನ್ ಬರ್ತಿತ್ತು.

ಅದು ಮುಗಿದದ್ದು 2018ರ ಕೊನೆಗೆ. ಏರ್‌ಟೆಲ್, ವೊಡಾಫೋನ್ ಐಡಿಯಾ ಎರಡೂ 28 ದಿನಕ್ಕೆ ಕನಿಷ್ಠ 35 ರೂಪಾಯಿ ಹಾಕಿಸಲೇಬೇಕು ಅಂದವು. ಇಲ್ಲದಿದ್ದರೆ ಹೊರಗೆ ಹೋಗೋ ಕರೆ ಮೊದಲು ನಿಲ್ಲುತ್ತದೆ, ಆಮೇಲೆ ಒಳಗೆ ಬರೋದೂ ನಿಲ್ಲುತ್ತದೆ. 2024ರ ಜುಲೈನಲ್ಲಿ ಖಾಸಗಿ ಕಂಪನಿಗಳೆಲ್ಲ ದರ ಏರಿಸಿದಾಗ ಏರ್‌ಟೆಲ್‌ನ 28 ದಿನದ ಕೆಳಗಿನ ಪ್ಲಾನ್ 199ಕ್ಕೆ ಬಂದು ನಿಂತಿತು. ಆರು ವರ್ಷದೊಳಗೆ 35ರಿಂದ 199. ಅದರೊಳಗೆ 2 ಜಿಬಿ ಡೇಟಾ ಉಂಟು. ಬಟನ್ ಫೋನಿನ ಆಯಿ ಆ 2 ಜಿಬಿ ತಗೊಂಡು ಏನು ಮಾಡಬೇಕು, ಉಪ್ಪಿನಕಾಯಿ ಹಾಕಬೇಕಾ?

ಬಿಟ್ಟುಬಿಡು ಅನ್ನೋಹಂಗೂ ಇಲ್ಲ. ಆಧಾರ್ ಆ ನಂಬರಿಗೆ, ಬ್ಯಾಂಕ್ ಆ ನಂಬರಿಗೆ, ಗೃಹಲಕ್ಷ್ಮಿಯ 2000 ಜಮಾ ಆದ ಮೆಸೇಜ್ ಆ ನಂಬರಿಗೆ. ಸಿಮ್ ಸತ್ತರೆ ಮನೆಯ ಅರ್ಧ ಕಾಗದಪತ್ರ ಸತ್ತಂತೆ. ನಂಬರ್ ಬಿಡಲಾರೆವು ಅನ್ನೋದು ನಮಗೂ ಗೊತ್ತು, ಕಂಪನಿಗೂ ಗೊತ್ತು.

3/6
ಚೌಕಾಸಿಯ ಮೊದಲ ಪಾಠ ನನಗೆ ಕಲಿಸಿದವಳೂ ಆಯಿನೇ. "ರೇಟು ಕೇಳು, ಸುಮ್ಮನ ಹೊಳ್ಳಿ ನಾಕು ಹೆಜ್ಜಿ ಹಾಕು. ಹಿಂದಿಂದ ಕರದ್ರ ಅದ ಖರೇ ರೇಟು." ಎದ್ದು ಹೋಗಬಲ್ಲವರಿಗೆ ಮಾತ್ರ ಚೌಕಾಸಿ ಸಾಧ್ಯ. ಒಂದೇ ಅಂಗಡಿ ಇರೋ ಊರಾಗ ಯಾರೂ ಚೌಕಾಸಿ ಮಾಡೋದಿಲ್ಲ.

ಮೊಬೈಲಿನಲ್ಲಿ ಎದ್ದು ಹೋಗೋ ಆ ಹಕ್ಕು ನಮಗೆ ಬಂದದ್ದು 2011ರ ಜನವರಿ 20ಕ್ಕೆ. ನಂಬರ್ ಪೋರ್ಟಬಿಲಿಟಿ ಅವತ್ತು ದೇಶದಾದ್ಯಂತ ಶುರುವಾಯಿತು. ಅಲ್ಲಿಯವರೆಗೆ ಕಂಪನಿ ಬದಲಿಸಿದರೆ ನಂಬರ್ ಹೋಗುತ್ತಿತ್ತು. ಆಮೇಲೆ ನಂಬರ್ ನಮ್ಮ ಜೊತೆಗೇ ಬರುತ್ತದೆ. 2015ರ ಜುಲೈ 3ರಿಂದ ಬೇರೆ ರಾಜ್ಯಕ್ಕೆ ಹೋದರೂ ಅದೇ ನಂಬರ್.

ಹೇಗೆ ಅಂದರೆ, ಮೆಸೇಜಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಪೋರ್ಟ್ ಅಂತ ಬರೆದು, ಜಾಗ ಬಿಟ್ಟು, ನಿಮ್ಮ ಹತ್ತು ಅಂಕಿಯ ನಂಬರ್ ಹಾಕಿ 1900ಕ್ಕೆ ಕಳಿಸಿ. ಎಂಟು ಅಕ್ಷರದ ಒಂದು ಕೋಡ್ ಬರುತ್ತದೆ. ನಮ್ಮ ಕರ್ನಾಟಕದಲ್ಲಿ ಅದಕ್ಕೆ ನಾಲ್ಕು ದಿನ ಆಯಸ್ಸು. ಆ ಕೋಡ್ ಮತ್ತು ಆಧಾರ್ ಹಿಡಿದು ಹೊಸ ಕಂಪನಿಯ ಅಂಗಡಿಗೆ ಹೋದರೆ, ರಾಜ್ಯದೊಳಗೇ ಆದರೆ ಮೂರು ಕೆಲಸದ ದಿನದಲ್ಲಿ ಬದಲಾಗುತ್ತದೆ. ಈಗಿನ ಕಂಪನಿಯಲ್ಲಿ 90 ದಿನ ಆಗಿರಬೇಕು, ಪೋಸ್ಟ್‌ಪೇಯ್ಡ್ ಆಗಿದ್ದರೆ ಬಿಲ್ ಬಾಕಿ ಇರಬಾರದು.

ಇಲ್ಲಿ ಮುಖ್ಯವಾದ ಮಾತು ಕೇಳಿ: ಕೋಡ್ ತರಿಸಿಕೊಂಡ ಮಾತ್ರಕ್ಕೆ ನೀವು ಬಿಟ್ಟು ಹೋದಂಗ ಅಲ್ಲ. ಬಳಸದಿದ್ದರೆ ನಾಲ್ಕು ದಿನಕ್ಕೆ ತಾನೇ ಸಾಯುತ್ತದೆ. ಅಂಗಡಿಯಲ್ಲಿ ಅರ್ಜಿ ಕೊಟ್ಟ ಮೇಲೂ ಮನಸ್ಸು ಬದಲಾದರೆ 24 ಗಂಟೆಯೊಳಗೆ ಅದೇ 1900ಕ್ಕೆ ಕ್ಯಾನ್ಸಲ್ ಅಂತ ಬರೆದು ನಂಬರ್ ಹಾಕಿ ಕಳಿಸಬಹುದು. ಅಂದರೆ ಇದು ಬರೀ ಹೊಳ್ಳಿ ಹಾಕಿದ ನಾಕು ಹೆಜ್ಜೆ.

"ನನ್ನ ಪ್ಲಾನಿನಲ್ಲಿ ಎಸ್‌ಎಂಎಸ್ ಇಲ್ಲ" ಅನ್ನೋರಿಗೆ: ಯಾವ ಪ್ಲಾನ್ ಇದ್ದರೂ ಪೋರ್ಟ್ ಮೆಸೇಜ್ ಹೋಗಲೇಬೇಕು ಅಂತ ಟ್ರಾಯ್ 2021ರ ಡಿಸೆಂಬರ್‌ನಲ್ಲೇ ಕಂಪನಿಗಳಿಗೆ ಆದೇಶ ಮಾಡಿದೆ.

4/6
ಈಗ ನನ್ನ ಫೋನಿನ ಕಥೆ. ಕಂಪನಿ ಹೆಸರು ಬ್ಯಾಡ, ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ ಹಾಡು.

ಸಂಜೆ ಮೆಸೇಜ್ ಕಳಿಸಿದೆ, ಕೋಡ್ ಬಂತು. ಮರುದಿನ ಕಾಲೇಜು ಬಿಟ್ಟು ಇಳಕಲ್ ಬಸ್‌ಸ್ಟ್ಯಾಂಡಿನಲ್ಲಿ ನಿಂತಾಗ ಫೋನ್ ಬಂತು.

"ಮೇಡಂ, ಯಾಕೆ ನಮ್ಮನ್ನ ಬಿಟ್ಟು ಹೋಗ್ತಿದ್ದೀರಾ? ನೆಟ್‌ವರ್ಕ್ ತೊಂದರೆನಾ?"
"ನೆಟ್‌ವರ್ಕ್ ಚಲೋ ಐತ್ರಿ. ರೇಟು ಜಾಸ್ತಿ ಆತು."
"ಅದೇ ದರಕ್ಕೆ ದಿನಕ್ಕೆ ಅರ್ಧ ಜಿಬಿ ಹೆಚ್ಚಿಗೆ ಕೊಡ್ತೀವಿ ಮೇಡಂ."
"ಇದ್ದದ್ದ ಮುಗಿಯಂಗಿಲ್ಲ. ನನಗ ಡೇಟಾ ಬ್ಯಾಡ್ರಿ, ರೊಕ್ಕ ಕಡಿಮಿ ಆಗಬೇಕು."

ಆ ಕಡೆ ಟಕಟಕ ಟೈಪ್ ಮಾಡುವ ಸದ್ದು. ನಾನೂ ಸುಮ್ಮನಿದ್ದೆ. ಸುಮ್ಮನಿರೋದು ಚೌಕಾಸಿಯ ದೊಡ್ಡ ಭಾಗ, ಇದೂ ಆಯಿಯ ಪಾಠನೇ. ಕೊನೆಗೆ ಮುಂದಿನ ಮೂರು ರೀಚಾರ್ಜಿಗೆ ತಲಾ 50 ರೂಪಾಯಿ ಕಡಿಮೆ ಅಂದರು. "ಈ ಆಫರ್ ಇವತ್ತೊಂದೇ ದಿನ ಮೇಡಂ."

ನನ್ನ ಕೋಡಿಗೆ ಇನ್ನೂ ಮೂರು ದಿನ ಇತ್ತು, ಹಾಗಾಗಿ ಅವಸರ ಇರಲಿಲ್ಲ. "ಮೆಸೇಜಿನಾಗ ಕಳಸ್ರಿ, ನೋಡಿ ಹೇಳ್ತೀನಿ" ಅಂದೆ. ಬಾಯಿಮಾತಿನ ಆಫರ್ ನಂಬಬೇಡಿ ದೋಸ್ತ್ರ. ಮೆಸೇಜ್ ಬಂದ ಮೇಲೆ, ಆ್ಯಪ್‌ನಲ್ಲಿ ಕೂಪನ್ ಕಂಡ ಮೇಲೆ ಕೋಡ್ ಸಾಯಲಿ ಅಂತ ಬಿಟ್ಟೆ. 150 ರೂಪಾಯಿ ಉಳೀತು.

ಇದು ಗುಟ್ಟಿನ ವ್ಯಾಪಾರ ಅಂತ ಬರೀ ನಾನು ಹೇಳ್ತಿಲ್ಲ. ಬಿಟ್ಟು ಹೋಗೋರನ್ನು ಹಿಡಿದಿಡಲು ಕೆಲವರಿಗಷ್ಟೇ ಕೊಡುವ ಇಂಥ ಆಫರ್‌ಗಳ ವಿವರ ಕೊಡಿ ಅಂತ ಟ್ರಾಯ್ ಕೇಳಿದಾಗ ಕಂಪನಿಗಳು ಒಪ್ಪದೆ ಜಗಳ ಸುಪ್ರೀಂ ಕೋರ್ಟಿಗೆ ಹೋಯಿತು. ವಿವರವನ್ನು ಟ್ರಾಯ್‌ಗೆ ಕೊಡಿ ಅಂತ 2020ರ ನವೆಂಬರ್‌ನಲ್ಲಿ ಕೋರ್ಟ್ ಏರ್‌ಟೆಲ್ ಮತ್ತು ವೊಡಾಫೋನ್ ಐಡಿಯಾಗೆ ಹೇಳಿತು. ಬೋರ್ಡಿನ ಮೇಲಿಲ್ಲದ ದರ ಇದೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

5/6
ಗೆದ್ದ ಹುರುಪಿನಲ್ಲಿ ಆಯಿಯ ಫೋನಿನಿಂದಲೂ ಮೆಸೇಜ್ ಕಳಿಸಿದೆ. ಕೋಡ್ ಬಂತು. ಆಯಿಗೆ ಹೇಳಿಕೊಟ್ಟೆ: "ಫೋನ್ ಬರತೈತಿ, ಡೇಟಾ ಬ್ಯಾಡ, ರೊಕ್ಕ ಕಡಿಮಿ ಮಾಡ್ರಿ ಅನ್ನು."

ಒಂದು ದಿನ ಆಯಿತು. ಎರಡು ದಿನ. ಕಂಡಿಕೆ ಸುತ್ತೋ ಕಡೆ ಫೋನ್ ಇಟ್ಕೊಂಡೇ ಕೂತಳು. ನಾಲ್ಕು ದಿನ ಮುಗೀತು, ಕೋಡ್ ಸತ್ತಿತು. ಯಾರೂ ಕರೆಯಲಿಲ್ಲ.

"ಬಡವರು ಎದ್ದು ಹೊಂಟ್ರ ಹಿಂದಿಂದ ಯಾರೂ ಕರಿಯಂಗಿಲ್ಲ ಬಿಡವ" ಅಂದಳು. ಸಿಟ್ಟಿಲ್ಲ, ಬ್ಯಾಸರ ಇಲ್ಲ, ಸಂತೆಯ ಅನುಭವದ ಮಾತು ಅಷ್ಟೇ.

ನನ್ನನ್ನು ಈಗಲೂ ಕೊರೆಯೋದು ಇದೇ. ಡೇಟಾ ಉರಿಸೋ, ದೊಡ್ಡ ಪ್ಲಾನ್ ಹಾಕಿಸೋ ನನ್ನಂಥವಳು ಹೋದರೆ ಕಂಪನಿಗೆ ನಷ್ಟ, ಅದಕ್ಕೇ ನನ್ನ ಹಿಂದೆ ಓಡಿ ಬಂದರು. ಕನಿಷ್ಠ ಪ್ಲಾನಿನ ಆಯಿ ಹೋದರೆ ಅವರಿಗೇನು? ಐವತ್ತು ರೂಪಾಯಿ ಯಾರಿಗೆ ನಿಜವಾಗಿ ಬೇಕಾಗಿತ್ತೋ ಅವರಿಗೆ ಚೌಕಾಸಿ ಸಿಗಲಿಲ್ಲ.

ಆಯಿಗೆ ಉಳಿತಾಯ ಮಾಡಿಕೊಟ್ಟದ್ದು ಬೇರೆ ದಾರಿ. 2024ರ ಜುಲೈನಲ್ಲಿ ಟ್ರಾಯ್ ಒಂದು ಚರ್ಚಾಪತ್ರ ಹೊರಡಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಿತು: ಡೇಟಾ ಬೇಡದವರಿಗೆ ಬರೀ ಮಾತು ಮತ್ತು ಎಸ್‌ಎಂಎಸ್‌ನ ಪ್ಲಾನ್ ಬೇಕಾ? ಕಂಪನಿಗಳು ಬೇಡ ಅಂದವು. ಆದರೂ ಡಿಸೆಂಬರ್ 23ರಂದು ನಿಯಮ ಬಂತು, ಅಂಥ ಪ್ಲಾನ್ ಇಡಲೇಬೇಕು, 365 ದಿನದವರೆಗೂ ಕೊಡಬಹುದು. 2025ರ ಜನವರಿಯಲ್ಲಿ ಅವು ಬಂದವು. ಏರ್‌ಟೆಲ್ 84 ದಿನಕ್ಕೆ 469, ವರ್ಷಕ್ಕೆ 1849 ಇಟ್ಟಿತು. ಜಿಯೋ 84 ದಿನಕ್ಕೆ 448.

ಲೆಕ್ಕ ಹಾಕಿ. 199ರಂತೆ 28 ದಿನದ ಮೂರು ರೀಚಾರ್ಜ್ ಅಂದರೆ 84 ದಿನಕ್ಕೆ 597. ಅದರ ಬದಲು 469. ಉಳಿದದ್ದು 128. ವರ್ಷದ್ದು ಹಾಕಿಸಿದರೆ 13 ಸಲದ 2587ರ ಬದಲು 1849, ಉಳಿಯೋದು 738. ಆಯಿ ಆರಿಸಿಕೊಂಡದ್ದು 84 ದಿನದ್ದು. ಯಾಕಂದರೆ 1849 ಒಮ್ಮೆಲೇ ಎಣಿಸಿ ಕೊಡೋದು ಎಲ್ಲರ ಕೈಲಿ ಆಗೋದಿಲ್ಲ. ಅಗ್ಗದ ದರಕ್ಕೂ ಮೊದಲು ಕೈಯಲ್ಲಿ ರೊಕ್ಕ ಇರಬೇಕು, ಇದೂ ಒಂದು ನೋವು.

6/6
ಹಂಗಾದರೆ ನೀವು ಏನು ಮಾಡಬೇಕು?

ಒಂದು: ಮನೆಯ ಹಿರಿಯರ ಫೋನ್ ಇಸ್ಕೊಂಡು ಯಾವ ಪ್ಲಾನ್ ಹಾಕಿಸ್ತಿದ್ದಾರೆ ನೋಡಿ. ಬಟನ್ ಫೋನಿಗೆ ಡೇಟಾ ಪ್ಲಾನ್ ಇದ್ದರೆ ಅಂಗಡಿಯವರಿಗೆ "ಬರೀ ಮಾತಾಡೋ ಪ್ಲಾನ್ ತೋರಸ್ರಿ" ಅನ್ನಿ. ಹೆಸರು ಹಿಡಿದು ಕೇಳಿದರೆ ತೆಗೆದು ತೋರಿಸ್ತಾರೆ. ನಾ ಬರೆದ ದರ ನೀವು ಓದೋ ಹೊತ್ತಿಗೆ ಬದಲಾಗಿರಬಹುದು, ಅವತ್ತಿನ ದರ ಕೇಳಿ 84ಕ್ಕೆ, 28ಕ್ಕೆ ಭಾಗಿಸಿ ದಿನದ ಲೆಕ್ಕ ಹಾಕಿ.

ಎರಡು: ಕೇಳದೇ ಶುರುವಾದ ಕಾಲರ್ ಟ್ಯೂನ್, ಜ್ಯೋತಿಷ್ಯ, ಜೋಕ್ ಸರ್ವಿಸಿಗೆ ದುಡ್ಡು ಕಟ್ ಆಗ್ತಿದೆಯಾ? ಇಂಗ್ಲಿಷ್‌ನಲ್ಲಿ ಸ್ಟಾಪ್ ಅಂತ ಬರೆದು 155223ಕ್ಕೆ ಕಳಿಸಿ, ಅದು ಫ್ರೀ.

ಮೂರು: ನಿಮ್ಮದು ದೊಡ್ಡ ಪ್ಲಾನ್ ಆಗಿದ್ದರೆ ಪೋರ್ಟ್ ಮೆಸೇಜ್ ಕಳಿಸಿ ಕಾಯಿರಿ. ಆದರೆ ಖರೇನ ಹೋಗುವ ಮೊದಲು ನಿಮ್ಮ ಓಣಿಯಲ್ಲಿ, ಮನೆಯೊಳಗೆ ಯಾವ ಸಿಗ್ನಲ್ ನಿಲ್ಲುತ್ತದೆ ಅಂತ ಗೆಳೆಯರ ಫೋನಿನಲ್ಲಿ ನೋಡಿ. ಪ್ಲಾನಿನ ಅವಧಿ ಮುಗಿಯೋ ಹೊತ್ತಿಗೆ ಹೋಗಿ, ಉಳಿದ ದಿನ, ಉಳಿದ ಬ್ಯಾಲೆನ್ಸ್ ಹೊಸ ಕಂಪನಿಗೆ ಬರೋದಿಲ್ಲ.

ನಾಲ್ಕು: ಆ ಎಂಟು ಅಕ್ಷರದ ಕೋಡ್ ಫೋನಿನಲ್ಲಿ ಯಾರಿಗೂ ಹೇಳಬೇಡಿ, ಓಟಿಪಿನೂ ಹೇಳಬೇಡಿ. "ಕಂಪನಿಯಿಂದ ಮಾತಾಡ್ತಿದ್ದೀವಿ" ಅಂದರೂ ಬೇಡ. ಕೋಡ್ ಕೊಡೋದು ಅಂಗಡಿಯಲ್ಲಿ, ನಿಮ್ಮ ಕೈಯಾರೆ.

ಐದನೆಯದು ದೊಡ್ಡದು. ಒಬ್ಬೊಬ್ಬರೇ ಮಾಡೋ ಚೌಕಾಸಿಯಲ್ಲಿ ಖರ್ಚು ಮಾಡಬಲ್ಲವರೇ ಗೆಲ್ತಾರೆ. ನನಗೆ ಸಿಕ್ಕ 150 ಮೂರು ರೀಚಾರ್ಜಿಗೆ ಮುಗೀತು, ಪಕ್ಕದ ಮನೆಯವರಿಗೆ ಅದರಿಂದ ಏನೂ ಸಿಗಲಿಲ್ಲ. ಆದರೆ ಡಿಸೆಂಬರ್ 23ರ ನಿಯಮದಿಂದ ಆಯಿಗೆ ಸಿಕ್ಕದ್ದು ಬಟನ್ ಫೋನ್ ಹಿಡಿದ ಕೋಟಿಗಟ್ಟಲೆ ಮಂದಿಗೂ ಸಿಕ್ಕಿತು. ಅದೂ ಚೌಕಾಸಿನೇ, ಎಲ್ಲರೂ ಕೂಡಿ ಮಾಡಿದ್ದು. ಟ್ರಾಯ್ ಚರ್ಚಾಪತ್ರಗಳು ಅವರ ವೆಬ್‌ಸೈಟಿನಲ್ಲಿ ಎಲ್ಲರಿಗೂ ಕಾಣುವಂತೆ ಇರುತ್ತವೆ, ಯಾರು ಬೇಕಾದರೂ ಅಭಿಪ್ರಾಯ ಕಳಿಸಬಹುದು. ಅಲ್ಲಿ ಕಂಪನಿಗಳು ಪುಟಗಟ್ಟಲೆ ಬರೆದು ಕಳಿಸ್ತವೆ. ಕಂಡಿಕೆ ಸುತ್ತೋ ಮನೆಯಿಂದ ಎಷ್ಟು ಪತ್ರ ಹೋಗ್ತಾವೆ ಹೇಳಿ?

ಮುಂದಿನ ಪತ್ರ ಬಂದಾಗ ಇಲ್ಲೇ ಪೋಸ್ಟ್ ಮಾಡ್ತೀನಿ. ಇಪ್ಪತ್ತು ಮಂದಿ ಕೂಡಿದರೆ ಸಾಕು, ನಾವೇ ಕೂತು ಬರೆಯೋಣ. ನಿಮ್ಮ ಮನೆಯ ಬಟನ್ ಫೋನಿಗೆ ಈಗ ಯಾವ ಪ್ಲಾನ್ ಇದೆ, ದಿನಕ್ಕೆ ಎಷ್ಟು ಬೀಳ್ತದೆ ಅಂತ ಕಾಮೆಂಟಿನಲ್ಲಿ ಬರೀರಿ. ಪಟ್ಟಿ ಅಲ್ಲಿಂದ ಶುರು ಮಾಡೋಣ.

#ಗುಡೂರು #ಇಳಕಲ್ #ಬಾಗಲಕೋಟೆ #ರೀಚಾರ್ಜ್ #ನಂಬರ್_ನಮ್ಮದು