ಮುಚ್ಚಿಟ್ಟ ಮಾತು

ರಾತ್ರಿಯ ಊಟವಾದ ಬಳಿಕ ಯಾವುದಾದರೊಂದು ಪುಸ್ತಕವನ್ನು ಗಟ್ಟಿಯಾಗಿ ಓದುವುದು ನಮ್ಮ ಮನೆಯ ಬಹುದಿನದ ವಾಡಿಕೆ. ಕಳೆದ ಮಾಸದಲ್ಲಿ ನಾನು ಓದುತ್ತಿದ್ದುದು ಕೊರಿಯಾ ದೇಶದ ಕಿಮ್ ಹಾಕ್-ಸುನ್ ಎಂಬಾಕೆಯ ವೃತ್ತಾಂತ. ನಾಲ್ಕು ಪುಟ ಮುಗಿಯುವಷ್ಟರಲ್ಲಿ ನನ್ನ ಸೋದರತ್ತೆಯವರು, "ಸಾಕು ಮಾಡಪ್ಪ, ಹೆಣ್ಣುಮಕ್ಕಳು ಕುಳಿತಿದ್ದಾರೆ. ಎಂದೋ ಆಗಿಹೋದುದನ್ನು ಕೆದಕಿ ಫಲವೇನು?" ಎಂದರು. ನಾನು ಪುಸ್ತಕವನ್ನು ಮಡಿಸಿದೆನು. ಆದರೆ ಆ ರಾತ್ರಿ ನಿದ್ರೆ ಹತ್ತಲಿಲ್ಲ. ಅತ್ತೆಯವರ ಮಾತಿನಲ್ಲಿ ಕೆಡುಕೇನೂ ಇರಲಿಲ್ಲ. ಆದರೆ ಲೋಕವೆಲ್ಲ ಆ ಹೆಂಗಸಿಗೆ ಐವತ್ತು ವರ್ಷ ಹೇಳಿದ ಮಾತೂ ಅದೇ ಅಲ್ಲವೆ?

1941ರಲ್ಲಿ, ಆಕೆಗೆ ಹದಿನೇಳರ ಪ್ರಾಯದಲ್ಲಿ, ಜಪಾನೀ ಸೈನಿಕರು ಆಕೆಯನ್ನು ಚೀನಾ ದೇಶದಲ್ಲಿ ಹಿಡಿದೊಯ್ದು ಸೇನೆಯ 'ಸಾಂತ್ವನ ಗೃಹ'ದಲ್ಲಿ ಕೂಡಿಹಾಕಿದರು. ಹೆಸರು ಎಷ್ಟು ಸೌಮ್ಯವೋ ಅಲ್ಲಿ ನಡೆದುದು ಅಷ್ಟು ಘೋರ. ಕೊರಿಯಾ, ಚೀನಾ, ತೈವಾನ್, ಫಿಲಿಪೀನ್ಸ್, ಇಂಡೋನೇಷ್ಯಾ ಮೊದಲಾದ ದೇಶಗಳ ಅನೇಕ ಸಹಸ್ರ ಹೆಣ್ಣುಮಕ್ಕಳ ಪಾಡು ಹೀಗೆಯೇ ಆಯಿತು. ಕಿಮ್ ಹೇಗೋ ತಪ್ಪಿಸಿಕೊಂಡು ಬಂದಳು. ಮುಂದೆ ಗಂಡನನ್ನೂ ಮಕ್ಕಳನ್ನೂ ಕಳೆದುಕೊಂಡು ಒಂಟಿಯಾಗಿ ಬಾಳಿದಳು.

ಯುದ್ಧವು ಮುಗಿದ ಮೇಲೆ ನ್ಯಾಯಸ್ಥಾನಗಳು ಕೂಡದೆ ಇರಲಿಲ್ಲ. 1948ರಲ್ಲಿ ಬಟೇವಿಯಾದ ಡಚ್ ಸೈನಿಕ ನ್ಯಾಯಾಲಯವು, ಜಾವಾದಲ್ಲಿ ಡಚ್ ಸ್ತ್ರೀಯರನ್ನು ಇಂತಹ ಗೃಹಗಳಿಗೆ ದೂಡಿದ ಜಪಾನೀ ಅಧಿಕಾರಿಗಳನ್ನು ಶಿಕ್ಷಿಸಿತು. ಏಷ್ಯದ ಬಹುಪಾಲು ಹೆಂಗಸರಿಗೋ, ಅವರ ಹೆಸರಿನಲ್ಲಿ ಅಂತಹ ವಿಚಾರಣೆಯ ಭಾಗ್ಯವೂ ಒದಗಲಿಲ್ಲ. ಊರಿಗೆ ಮರಳಿದವರು ಮನೆತನದ ಮಾನಕ್ಕೆ ಅಂಜಿ ಬಾಯಿ ಮುಚ್ಚಿಕೊಂಡರು.

1990ರಲ್ಲಿ ಜಪಾನಿನ ಸರ್ಕಾರವು, ಅದೆಲ್ಲ ಖಾಸಗಿ ದಲ್ಲಾಳಿಗಳ ಕೆಲಸವೆಂದು ತನ್ನ ಶಾಸನಸಭೆಯಲ್ಲಿ ಹೇಳಿತು. ಆಗ ಕಿಮ್‌ಗೆ ತಡೆಯದಾಯಿತು. 1991ರ ಆಗಸ್ಟ್ 14ರಂದು ಸೋಲ್ ನಗರದಲ್ಲಿ ಪತ್ರಿಕೆಯವರ ಮುಂದೆ ನಿಂತು, ತನ್ನ ಸ್ವಂತ ಹೆಸರಿನಲ್ಲಿ, ನಡೆದುದನ್ನೆಲ್ಲ ಹೇಳಿದಳು. ಆಕೆಯ ಮಾತನ್ನು ಕೇಳಿ ಇತರ ವೃದ್ಧೆಯರೂ ಒಬ್ಬೊಬ್ಬರಾಗಿ ಮುಂದೆ ಬಂದರು. 1992ರ ಜನವರಿಯಲ್ಲಿ ಯೋಶಿಮಿ ಯೋಶಿಯಾಕಿ ಎಂಬ ಜಪಾನಿನ ಚರಿತ್ರಕಾರರೇ ಸೇನೆಯ ಕೈವಾಡವನ್ನು ತೋರುವ ಕಾಗದಪತ್ರಗಳನ್ನು ಬಯಲಿಗೆ ತಂದರು. ಅದೇ ತಿಂಗಳಲ್ಲಿ ಸೋಲಿನ ಜಪಾನೀ ರಾಯಭಾರ ಕಚೇರಿಯ ಮುಂದೆ ಬುಧವಾರಗಳ ಪ್ರತಿಭಟನೆಯು ಆರಂಭವಾಯಿತು.

ಮರುದಿನ ಬೆಳಗ್ಗೆ ಅತ್ತೆಯವರು ಬತ್ತಿ ಹೊಸೆಯುತ್ತ ಕುಳಿತಿದ್ದರು. ನನ್ನನ್ನು ಕಂಡು ಮೆಲ್ಲನೆ, "ಆಕೆಗೆ ಕಡೆಗಾದರೂ ಯಾರಾದರೂ ತಪ್ಪಾಯಿತೆಂದರೆ?" ಎಂದು ಕೇಳಿದರು.

ನಾನು ತಿಳಿದಷ್ಟು ಹೇಳಿದೆನು. 1993ರಲ್ಲಿ ಸರ್ಕಾರದ ಪರವಾಗಿ ಕೋನೋ ಯೋಹೇಯಿ ಎಂಬ ಕಾರ್ಯದರ್ಶಿಯು ಸೇನೆಯ ಸಂಬಂಧವನ್ನು ಒಪ್ಪಿ ಕ್ಷಮೆ ಕೇಳಿದನು. 1995ರಲ್ಲಿ ಸಾರ್ವಜನಿಕರ ಚಂದಾದಿಂದ ಒಂದು ನಿಧಿಯೂ ಏರ್ಪಟ್ಟಿತು. ಆದರೆ ಅನೇಕ ವೃದ್ಧೆಯರು, 'ನಮಗೆ ಬೇಕಾದುದು ದಾನವಲ್ಲ, ಹೊಣೆಯ ಒಪ್ಪಿಗೆ' ಎಂಬ ನಿಲುವಿನಿಂದ ಆ ಹಣವನ್ನು ಮುಟ್ಟಲಿಲ್ಲ. ಕಿಮ್ 1997ರಲ್ಲಿ ತೀರಿಕೊಂಡಳು. ಆಕೆ ಟೋಕಿಯೋದಲ್ಲಿ ಹೂಡಿದ್ದ ದಾವೆಯು 2004ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯದಲ್ಲಿ ವಜಾ ಆಯಿತು. 2021ರ ಜನವರಿ 8ರಂದು ಸೋಲಿನ ನ್ಯಾಯಾಲಯವೊಂದು ಹನ್ನೆರಡು ಮಂದಿ ವಾದಿಗಳಿಗೆ ಪರಿಹಾರವನ್ನು ವಿಧಿಸಿತಾದರೂ ಜಪಾನ್ ಅದನ್ನು ಒಪ್ಪಲಿಲ್ಲ.

ಅತ್ತೆಯವರು ಬಹಳ ಹೊತ್ತು ಮಾತನಾಡಲಿಲ್ಲ. ಬಳಿಕ, "ತಪ್ಪು ಮಾಡಿದವರು ನಾಚಬೇಕಾದುದನ್ನು ನಾವು ಹೆಂಗಸರೇ ಹೊತ್ತುಕೊಳ್ಳುತ್ತೇವೆ" ಎಂದರು.

ವಾಚಕರೇ, ನ್ಯಾಯವೆಂಬುದು ಬರಿಯ ತೀರ್ಪಿನಲ್ಲಿ ಮುಗಿಯುವುದಿಲ್ಲವೆಂದು ನನಗೆ ಅಂದು ತೋರಿತು. ನೊಂದವಳು ಬಾಯಿ ತೆರೆದಾಗ 'ಸುಮ್ಮನಿರು' ಎನ್ನದ ಕಿವಿಯೊಂದು ಮನೆಯಲ್ಲಿಯೇ ಇರಬೇಕು. ನ್ಯಾಯದ ಮೊದಲ ಮೆಟ್ಟಿಲು ಅದು.

ಅಂದು ರಾತ್ರಿ ಊಟವಾದ ಮೇಲೆ ಅತ್ತೆಯವರೇ ದೀಪವನ್ನು ಹತ್ತಿರಕ್ಕೆ ಸರಿಸಿ, "ಎಲ್ಲಿಗೆ ನಿಲ್ಲಿಸಿದ್ದೆಯೋ ಅಲ್ಲಿಂದ ಓದು. ಹುಡುಗಿಯರೂ ಕೇಳಲಿ" ಎಂದರು.