ಕಡತ, ಚೌಕಟ್ಟು, ಹೆಸರು

ಸರ್ಕಾರಿ ಕಚೇರಿಯ ಫೈಲಿಗೆ ಸಂವಾದಿಯಾಗಿ ಇಂದು ಬಳಕೆಯಲ್ಲಿರುವ ‘ಕಡತ’ ಎಂಬ ಪದಕ್ಕೆ ಕನ್ನಡದಲ್ಲಿ ಹಳೆಯ ಇನ್ನೊಂದು ಅರ್ಥವಿದೆ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ ಕಪ್ಪು ಪುಸ್ತಕವೇ ಕಡತ. ಅದರಲ್ಲಿ ಬಳಪದಿಂದ ಲೆಕ್ಕಪತ್ರಗಳನ್ನು ಬರೆಯುತ್ತಿದ್ದರು. ಬೇಕೆಂದಾಗ ಅಳಿಸಿ ಮತ್ತೆ ಬರೆಯುತ್ತಿದ್ದರು. ದಾಖಲೆ ಎಂದರೆ ಒಮ್ಮೆ ಬರೆದು ಮುಗಿದದ್ದು ಎಂಬ ನಂಬಿಕೆಯನ್ನು ಈ ವಸ್ತುವೇ ಅಲ್ಲಗಳೆಯುತ್ತದೆ. ಹಳೆಯ ಛಾಯಾಚಿತ್ರಗಳನ್ನೂ ಪತ್ರಾಗಾರಗಳನ್ನೂ ತಮ್ಮ ಕೃತಿಯ ದ್ರವ್ಯವಾಗಿಸಿಕೊಂಡ ಈಚಿನ ಭಾರತೀಯ ಕಲಾವಿದರ ಕೆಲಸವನ್ನು ಅರಿಯಲು ಇದು ಒಳ್ಳೆಯ ದಾರಿ.

ದಯಾನಿತಾ ಸಿಂಗ್ ಅವರ ‘ಫೈಲ್ ರೂಮ್’ (2013) ಕಪ್ಪುಬಿಳುಪು ಛಾಯಾಚಿತ್ರಗಳ ಪುಸ್ತಕ. ದಾಖಲೆ ಕೊಠಡಿಗಳ ಕಪಾಟುಗಳು, ಬಟ್ಟೆಯಲ್ಲಿ ಕಟ್ಟಿದ ಗಂಟುಗಳು, ಅಂಚು ಮುದುರಿದ ಕಾಗದದ ರಾಶಿಗಳು ಪುಟಪುಟದಲ್ಲೂ ಇವೆ. ಆದರೆ ಆ ಕಾಗದಗಳ ಒಕ್ಕಣೆಯನ್ನು ನೋಡುಗ ಓದಲಾರ. ಯಾರದೋ ಜಮೀನು, ಯಾರದೋ ವ್ಯಾಜ್ಯ ಆ ಗಂಟುಗಳಲ್ಲಿ ಅಡಗಿರಬಹುದು. ಕಣ್ಣಿಗೆ ಕಾಣುವುದು ಅವುಗಳ ಭಾರ ಮಾತ್ರ. ಉಳಿದಿರುವುದೆಲ್ಲ ನೆನಪಾಗದು, ಗಂಟು ಬಿಚ್ಚಿ ಓದುವ ಒಬ್ಬರು ಬೇಕು.

ಹಾಗೆ ಬಿಚ್ಚಿದವರಲ್ಲಿ ವಿವಾನ್ ಸುಂದರಂ (1943–2023) ಒಬ್ಬರು. ಅವರ ತಾಯಿಯ ತಂದೆ ಉಮ್ರಾವ್ ಸಿಂಗ್ ಶೇರ್‌ಗಿಲ್ ತಮ್ಮನ್ನೂ ತಮ್ಮ ಕುಟುಂಬವನ್ನೂ ದಶಕಗಳ ಕಾಲ ಛಾಯಾಚಿತ್ರಗಳಲ್ಲಿ ಸೆರೆಹಿಡಿದವರು. ಆ ಮನೆಯ ಮಗಳು, ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್ 1941ರಲ್ಲಿ, 28ನೆಯ ವಯಸ್ಸಿನಲ್ಲಿ ತೀರಿಕೊಂಡರು. ವಿವಾನ್ ಹುಟ್ಟಿದ್ದು ಆಮೇಲೆ. ದೊಡ್ಡಮ್ಮನನ್ನು ಅವರು ಕಂಡದ್ದು ಚಿತ್ರಗಳಲ್ಲೇ. ‘ರೀ-ಟೇಕ್ ಆಫ್ ಅಮೃತಾ’ (2001–02) ಸರಣಿಯಲ್ಲಿ ಅವರು ಅಜ್ಜನ ಛಾಯಾಚಿತ್ರಗಳನ್ನು ಕಂಪ್ಯೂಟರಿನಲ್ಲಿ ಬೆಸೆದು, ಬೇರೆ ಬೇರೆ ಕಾಲದ ಮುಖಗಳನ್ನು ಒಂದೇ ಚೌಕಟ್ಟಿನಲ್ಲಿ ಸೇರಿಸಿದರು.

ಗ್ರಂಥಸಂಪಾದನೆಯ ಶಿಸ್ತನ್ನು ಬಲ್ಲವರಿಗೆ ಇಲ್ಲೊಂದು ಸಂಶಯ ಏಳುವುದು ಸಹಜ: ಇದು ಪ್ರಕ್ಷೇಪವಲ್ಲವೆ? ಮೂಲದಲ್ಲಿ ಇಲ್ಲದ್ದನ್ನು ಸೇರಿಸಿದರೆ ಪಾಠ ಕೆಡುವುದಿಲ್ಲವೆ? ಆದರೆ ಪ್ರಕ್ಷೇಪಕಾರ ತನ್ನ ಸೇರ್ಪಡೆಯನ್ನು ಕವಿಯ ಹೆಸರಿನಲ್ಲಿ ಮರೆಮಾಚುತ್ತಾನೆ. ಸುಂದರಂ ಶೀರ್ಷಿಕೆಯಲ್ಲೇ ‘ಮರುಚಿತ್ರಣ’ ಎಂದು ಸಾರುತ್ತಾರೆ. ಅಜ್ಜನ ಮೂಲಚಿತ್ರಗಳು ತಮ್ಮ ಪಾಡಿಗೆ ತಾವಿವೆ. ಮೊಮ್ಮಗನ ಕೃತಿ ಅವುಗಳ ಪಕ್ಕದಲ್ಲಿ ಬರೆದ ಟೀಕೆಯಂತಿದೆ.

ಮನೆಯ ಆಲ್ಬಮ್ಮಿಗೆ ಟೀಕೆ ಬರೆಯುವುದಕ್ಕಿಂತ ಆಳುವವರ ದಾಖಲೆಗೆ ಟೀಕೆ ಬರೆಯುವುದು ಕಠಿಣ. ಬೆಂಗಳೂರಿನ ಪುಷ್ಪಮಾಲಾ ಎನ್. ಕೈಹಾಕಿದ್ದು ಇದಕ್ಕೆ. ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರೊಡನೆ 2000–2004ರ ಅವಧಿಯಲ್ಲಿ ರೂಪಿಸಿದ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ’ ಸರಣಿಯಲ್ಲಿ ಅವರು ರವಿವರ್ಮನ ಲಕ್ಷ್ಮಿಯಾಗಿ, ಬಿಜಾಪುರದ ಕಿರುಚಿತ್ರವೊಂದರ ಯೋಗಿನಿಯಾಗಿ, ಪೊಲೀಸರ ಕೈಗೆ ಸಿಕ್ಕ ಕಳ್ಳಿಯಾಗಿ ತಾವೇ ವೇಷ ತೊಟ್ಟು ನಿಂತರು. ಮನಸ್ಸನ್ನು ಹೆಚ್ಚು ಕಲಕುವುದು ತೋಡ ಸ್ತ್ರೀಯ ಚಿತ್ರ. ಅಲ್ಲಿ ಬೆನ್ನ ಹಿಂದೆ ಚೌಕುಳಿಯ ಹಲಗೆಯಿದೆ.

ಈ ಚೌಕುಳಿ 19ನೆಯ ಶತಮಾನದ ಮಾನವಶಾಸ್ತ್ರದ ಉಪಕರಣ. ಸಮಚೌಕಗಳ ಮುಂದೆ ‘ನೇಟಿವ’ರನ್ನು ನಿಲ್ಲಿಸಿ ಚಿತ್ರ ತೆಗೆದರೆ ದೇಹದ ಅಳತೆಗಳನ್ನು ಹೋಲಿಸುವುದು ಸುಲಭವಾಗುತ್ತಿತ್ತು. ಅದೇ ಕಾಲದ ‘ದಿ ಪೀಪಲ್ ಆಫ್ ಇಂಡಿಯಾ’ 1868ರಿಂದ 1875ರವರೆಗೆ 8 ಸಂಪುಟಗಳಲ್ಲಿ ಪ್ರಕಟವಾಯಿತು. ಅದರಲ್ಲಿ ಅನೇಕರು ಜಾತಿ, ಬುಡಕಟ್ಟುಗಳ ಮಾದರಿಗಳಾಗಿ ನಿಂತಿದ್ದಾರೆ. ಮುಖವಿದೆ, ವರ್ಗವಿದೆ, ಹೆಸರಿಲ್ಲ.

ಪುಷ್ಪಮಾಲಾ ಆ ಜಾಗದಲ್ಲಿ ತಾವು ನಿಂತಾಗ ಆಗುವ ವ್ಯತ್ಯಾಸ ದೊಡ್ಡದು. ಅಳತೆಗೊಳಗಾಗುವವಳೂ ಚಿತ್ರದ ನಿರ್ದೇಶಕಿಯೂ ಒಬ್ಬಳೇ ಆಗುತ್ತಾಳೆ. ಪರದೆಯೂ ವೇಷವೂ ಭಂಗಿಯೂ ಕಟ್ಟಿದ್ದೆಂಬುದು ಎದ್ದು ಕಾಣುತ್ತದೆ. ಹಾಗೆ ಕಂಡೊಡನೆ, ಶಾಸ್ತ್ರವೆಂದು ಮಾನ್ಯವಾಗಿದ್ದ ಮೂಲವೂ ಕಟ್ಟಿದ ದೃಶ್ಯವೇ ಎಂಬುದು ಹೊಳೆಯುತ್ತದೆ.

ಆದರೂ ಈ ಬಗೆಯ ಕಲೆಗೆ ಒಂದು ಮಿತಿಯಿದೆ. ಕಲಾವಿದೆ ತಾನೇ ಆರಿಸಿಕೊಂಡು ಆ ಚೌಕುಳಿಯ ಮುಂದೆ ನಿಂತಳು, ಚಿತ್ರ ಮುಗಿದ ಮೇಲೆ ವೇಷ ಕಳಚಿದಳು. ಅಂದು ನಿಂತವಳಿಗೆ ಆ ಆಯ್ಕೆ ಇದ್ದಿತೆ? ಅವಳ ಹೆಸರನ್ನು ಯಾವ ಮರುಚಿತ್ರಣವೂ ಮರಳಿ ತರಲಾರದು. ಅದು ಮಾಡಬಲ್ಲದ್ದು ಇಷ್ಟೆ: ಅಳತೆಯನ್ನು ಅಷ್ಟು ಜತನದಿಂದ ಬರೆದಿಟ್ಟವರು ಹೆಸರನ್ನು ಏಕೆ ಕೇಳಲಿಲ್ಲ ಎಂಬ ಪ್ರಶ್ನೆಯನ್ನು ನೋಡುಗನಿಗೆ ಒಪ್ಪಿಸುವುದು. ಆ ಪ್ರಶ್ನೆ ಹಳೆಯ ಚಿತ್ರಗಳಿಗೆ ಮಾತ್ರ ಸಲ್ಲುವಂಥದಲ್ಲ. ಇಂದು ಬರೆಯುತ್ತಿರುವ ಕಡತಗಳಿಗೂ ಸಲ್ಲುತ್ತದೆ.