ಗುಜ್ಜೆಗೊಂದು, ಹಣ್ಣಿಗೊಂದು ಚಿತ್ರ

ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಕಂಪ್ಯೂಟರಿಗೆ ಈಗ ಅಂಥ ಬರವಿಲ್ಲ. ಕೇರಳದಲ್ಲಿ 2001ರಲ್ಲಿ ಶುರುವಾದ ‘ಐಟಿ ಅಟ್ ಸ್ಕೂಲ್’ ಯೋಜನೆ ಮುಂದೆ ‘ಕೈಟ್’ ಸಂಸ್ಥೆಯಾಯಿತು, ಹೈಸ್ಕೂಲಿನ ತರಗತಿಗಳಿಗೆ ಲ್ಯಾಪ್‌ಟಾಪು, ಪ್ರೊಜೆಕ್ಟರು ಬಂದವು. ಬರ ಇರುವುದು ಪರದೆಯ ಮೇಲೆ ಏನನ್ನು ತೋರಿಸಬೇಕೆಂಬ ಯೋಚನೆಗೆ. ಇಲ್ಲಿನ ಒಂದೇ ಬೆಂಚಿನಲ್ಲಿ ಕೂತ ಮಕ್ಕಳ ಮನೆಮಾತು ತುಳು, ಬ್ಯಾರಿ, ಕೊಂಕಣಿ, ಮರಾಠಿ, ಮಲಯಾಳ, ಹವ್ಯಕ ಹೀಗೆ ಏನೂ ಆಗಿರಬಹುದು. ‘ಹಲಸು’ ಎಂದರೇನೆಂದು ಹೇಳಲು ಟೀಚರು ‘ಪೆಲಕಾಯಿ’ ಎಂದರೆ ತುಳುವಿನ ಮಗುವಿಗೆ ತಿಳಿಯುತ್ತದೆ, ‘ಚಕ್ಕ’ ಎಂದರೆ ಮಲಯಾಳದ ಮಗುವಿಗೆ. ಯಾವುದನ್ನು ಆರಿಸಿದರೂ ತರಗತಿಯ ಒಂದು ಪಾಲು ಹೊರಗೆ ಉಳಿಯುತ್ತದೆ. ಚಿತ್ರಕ್ಕೆ ಮಾತ್ರ ಮನೆಮಾತಿಲ್ಲ. ಗಡಿನಾಡಿನ ಶಾಲೆಗೆ ಅದು ಬೇರೆಡೆಗಿಂತ ಹೆಚ್ಚು ಬೇಕಾಗಿರುವುದು ಈ ಕಾರಣಕ್ಕೆ, ಅಂದಕ್ಕಾಗಿ ಅಲ್ಲ.

ಆದರೆ ಯಾವ ಚಿತ್ರ? ಎಲ್ಲಿಂದಲೋ ಇಳಿಸಿಕೊಂಡ ಸೇಬು, ಹಿಮದ ಮನೆಗಳಿಂದ ಇಲ್ಲಿನ ಮಗುವಿಗೆ ದೊಡ್ಡ ಲಾಭವಿಲ್ಲ. ಹಲಸಿನದೇ ಒಂದು ಪಟ ಸಾಲದು: ಪಲ್ಯಕ್ಕೆ ಕೊಚ್ಚುವ ಗುಜ್ಜೆ, ಬಲಿತ ಕಾಯಿ, ಬಿಡಿಸಿದ ತೊಳೆ ಇವಕ್ಕೆ ಬೇರೆ ಬೇರೆ ಹೆಸರುಂಟು, ಒಂದನ್ನೇ ತೋರಿಸಿದರೆ ಮಗು ಯಾವುದನ್ನು ಹಲಸು ಎಂದುಕೊಂಡಿತೆಂದು ಹೇಳಲಾಗದು. ಟೀಚರ ಮೊಬೈಲಿನಲ್ಲಿ ಅದೇ ಊರಿನ ತೋಟದಲ್ಲಿ ತೆಗೆದ ಮೂರು ಫೋಟೊ ಇದಕ್ಕೆ ಸಾಕು. ಜೊತೆಗೆ ಇನ್ನೊಂದು ಎಚ್ಚರ ಬೇಕು. ಹತ್ತು ಹಣ್ಣುಗಳನ್ನು ಒಂದೇ ಪರದೆಯಲ್ಲಿ ಸಾಲಾಗಿಟ್ಟು ಕಲಿಸುವುದು ನಮ್ಮಲ್ಲಿ ರೂಢಿ. ಟಿಂಕಮ್ ಎಂಬ ಸಂಶೋಧಕರು 1993ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಒಂದೇ ಗುಂಪಿನ ಹೊಸ ಪದಗಳನ್ನು ಒಟ್ಟಿಗೆ ಕೊಟ್ಟಾಗ ಕಲಿಕೆ ನಿಧಾನವಾಗಿತ್ತು. ಅವು ಒಂದರೊಳಗೊಂದು ಕಲಸಿಹೋಗುತ್ತವೆ. ಹಲಸಿನ ಪಕ್ಕದಲ್ಲಿ ದೋಣಿ, ದೋಣಿಯ ಪಕ್ಕದಲ್ಲಿ ಅಂಚೆಪೆಟ್ಟಿಗೆ ಇರಲಿ. ನೋಡಲು ಅಸ್ತವ್ಯಸ್ತ, ನೆನಪಿಗೆ ಹಿತ.

ಇಷ್ಟಕ್ಕೆ ರಟ್ಟಿನ ಕಾರ್ಡು ಸಾಲದೇ, ಕಂಪ್ಯೂಟರು ಯಾಕೆ ಎಂದು ಕೇಳುವವರಿದ್ದಾರೆ. ಪಟ ತೋರಿಸಲು ರಟ್ಟೇ ಸಾಕು. ಆದರೆ ಕಲಿಕೆ ಗಟ್ಟಿಯಾಗುವುದು ತೋರಿಸಿದಾಗ ಅಲ್ಲ, ಪ್ರಶ್ನೆ ಕೇಳಿದಾಗ. ರೋಡಿಗರ್ ಮತ್ತು ಕಾರ್ಪಿಕ್ ಎಂಬ ಸಂಶೋಧಕರು 2006ರಲ್ಲಿ ತೋರಿಸಿದ್ದೂ ಇದನ್ನೇ: ಓದಿದ್ದನ್ನೇ ಮತ್ತೆ ಓದಿದವರು ಐದು ನಿಮಿಷದ ಬಳಿಕ ಮುಂದಿದ್ದರು, ವಾರದ ಬಳಿಕ ಮುಂದಿದ್ದವರು ನೆನಪಿನಿಂದ ಬರೆದವರು. ಅವರು ಬಳಸಿದ್ದು ಗದ್ಯಭಾಗಗಳನ್ನು, ಆದರೂ ಮಾತು ಪದಕ್ಕೂ ಸಲ್ಲುತ್ತದೆ. ಹೆಸರು ಮರೆಮಾಡಿ ಪಟವನ್ನಷ್ಟೇ ಮುಂದಿಡುವುದು, ತಪ್ಪಿದ ಪದವನ್ನು ನಾಳೆಗೇ ಮರಳಿ ತರುವುದು, ಸರಿಹೋದದ್ದನ್ನು ಮುಂದಿನ ವಾರಕ್ಕೆ ತಳ್ಳುವುದು, ಇದರ ಲೆಕ್ಕವನ್ನು ಪ್ರತಿ ಮಗುವಿಗೂ ಬೇರೆ ಬೇರೆಯಾಗಿ ಇಡುವುದು ನಲವತ್ತು ಮಕ್ಕಳ ತರಗತಿಯಲ್ಲಿ ಟೀಚರೊಬ್ಬರ ಕೈಲಾಗದ ಕೆಲಸ. ಯಂತ್ರಕ್ಕೆ ಕೊಡಬೇಕಾದದ್ದು ಈ ಚಾಕರಿಯನ್ನೇ ಹೊರತು ಕುಣಿಯುವ ಗೊಂಬೆಗಳನ್ನಲ್ಲ.

ಮಲಯಾಳದ ಪೀರಿಯಡ್ಡಿಗೂ ಇದೇ ಪಟವನ್ನು ಬಳಸಿದರೆ ಕನ್ನಡ ತರಗತಿಗೆ ಹಿಂಬಾಗಿಲಿನಿಂದ ಮಲಯಾಳ ತಂದಂತಲ್ಲವೇ ಎಂಬ ಆತಂಕವೂ ಇದೆ. ಶಾಲೆಗಳಲ್ಲಿ ಮಲಯಾಳ ಕಲಿಕೆಯನ್ನು ಕಡ್ಡಾಯ ಮಾಡಿದ ಕೇರಳದ 2017ರ ಕಾನೂನನ್ನು ಕಂಡ ಊರಿನಲ್ಲಿ ಈ ಗುಮಾನಿಯನ್ನು ತಳ್ಳಿಹಾಕುವುದು ಸರಿಯಲ್ಲ. ಆದರೆ ಆಗುವುದು ತಿರುಗುಮುರುಗು. ಈಗ ಕನ್ನಡ ಪದದ ಅರ್ಥ ಹೇಳಲು ತರಗತಿಯಲ್ಲಿ ಮಲಯಾಳ ಬರುತ್ತಿದೆ. ಪಟವಿದ್ದರೆ ಆ ದಾರಿ ಹಿಡಿಯಬೇಕಿಲ್ಲ, ಮಗು ವಸ್ತುವಿನಿಂದ ನೇರ ಕನ್ನಡಕ್ಕೆ ಬರುತ್ತದೆ. ಮಲಯಾಳದ ಪೀರಿಯಡ್ಡಿನಲ್ಲಿ ಅದೇ ಪಟ ಮಲಯಾಳಕ್ಕೆ ಒದಗಲಿ, ಎರಡೂ ಹೆಸರು ಒಂದೇ ಪರದೆಯಲ್ಲಿ ಬರುವುದು ಬೇಡ.

ಪಟದ ಮಿತಿಯೂ ಸಣ್ಣದೇನಲ್ಲ. ಅಡಿಕೆ ಸುಲಿಯುವುದನ್ನು ಚಿಕ್ಕ ವಿಡಿಯೊದಲ್ಲಿ ತೋರಿಸಬಹುದು, ‘ನ್ಯಾಯ’ವನ್ನು ತೋರಿಸಲಾಗದು, ತಕ್ಕಡಿಯ ಪಟ ಹಾಕಿದರೆ ಈ ಊರಿನ ಮಗುವಿಗೆ ಕಾಣುವುದು ಮೀನಿನ ಮಾರ್ಕೆಟ್ಟು. ಅಂಥ ಪದಗಳಿಗೆ ಕಥೆಯೇ ಬೇಕು, ಟೀಚರ ಮಾತೇ ಬೇಕು. ಕಂಪ್ಯೂಟರಿಗೆಂದು ಲೈಬ್ರರಿಯ ಪೀರಿಯಡ್ಡನ್ನು ಕತ್ತರಿಸಿದ ಶಾಲೆ ಆ ಪದಗಳನ್ನೆಲ್ಲ ಕಳೆದುಕೊಳ್ಳುತ್ತದೆ.